ಗ್ರೆನೋಬಲ್‌ನಲ್ಲಿ ಮಾಸ್ಟರ್ಸ್ ಮತ್ತು ಸ್ತಾಜ್: ನನ್ನ ಅನುಭವ

ಫ್ರಾನ್ಸಲ್ಲಿ ಓದ್ತೀನಿ ಅಂದ್ರೆ ಎಲ್ರೂ ಕೇಳೋದು ಪ್ಯಾರಿಸ್ಸಾ ಅಂತ. ಮೆಟೀರಿಯಲ್ಸ್, ನ್ಯಾನೋ, ಚಿಪ್ ಈ ಥರದ್ದು ಓದೋರಾದ್ರೆ ನಾನಂತೂ ಗ್ರೆನೋಬಲ್ ನೋಡಿ ಅಂತೀನಿ. ಆಲ್ಪ್ಸ್ ಮಧ್ಯದ ಊರು, ಸುತ್ತ ಬೆಟ್ಟ, ಊರು ಮಾತ್ರ ತಟ್ಟೆ ಥರ ಚಪ್ಪಟೆ, ಸೈಕಲ್ ಇದ್ರೆ ಸಾಕು. ಇಝೇರ್, ದ್ರಾಕ್ ಎರಡು ನದಿ ಸೇರೋ ಮೂಲೇಲಿ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಇಎ ಲ್ಯಾಬುಗಳು, ನ್ಯೂಟ್ರಾನ್ ಪ್ರಯೋಗಕ್ಕೆ ಇರೋ ಐಎಲ್‌ಎಲ್ ರಿಯಾಕ್ಟರು, 844 ಮೀಟರ್ ಸುತ್ತಳತೆಯ ಸಿಂಕ್ರೊಟ್ರಾನ್ (ಎಲೆಕ್ಟ್ರಾನ್ ಸುತ್ತಿಸಿ ಜೋರಾದ ಎಕ್ಸ್‌ರೇ ಹೊರಡಿಸೋ ಯಂತ್ರ) ಇರೋ ಇಎಸ್‌ಆರ್‌ಎಫ್ ಎಲ್ಲಾ ಅಕ್ಕಪಕ್ಕದಲ್ಲೇ ಇವೆ, ಇನ್ನೊಂದು ಕಡೆ ಕ್ರೋಲ್‌ನಲ್ಲಿ ಎಸ್‌ಟಿ ಮೈಕ್ರೋ ಕಂಪನಿಯ ಫ್ಯಾಬು, ಅಂದ್ರೆ ಚಿಪ್ ಫ್ಯಾಕ್ಟರಿ. ಕ್ಯಾಂಪಸ್ ಇರೋದು ಊರಿನ ಆ ತುದೀಲಿ, ಆದ್ರೂ ಬಿ ಟ್ರಾಮ್ ಹತ್ತಿ ಕೂತ್ರೆ ಈ ಲ್ಯಾಬುಗಳ ಹತ್ರಾನೇ ಇಳಿಸುತ್ತೆ.

ನಂದು ಎರಡು ವರ್ಷದ ಮಾಸ್ಟರ್ಸ್, ಪಾಠ ಪೂರ್ತಿ ಇಂಗ್ಲಿಷಲ್ಲಿ. ಕೊನೇ ಸೆಮಿಸ್ಟರ್ ಪೂರ್ತಿ ಸ್ತಾಜ್, ಅಂದ್ರೆ ಇಂಟರ್ನ್‌ಶಿಪ್, ಅದಿಲ್ದೆ ಡಿಗ್ರಿ ಇಲ್ಲ. ಕಾಲೇಜ್‌ನೋರೇ ಕೊಡಿಸ್ತಾರೆ, ಪ್ಲೇಸ್‌ಮೆಂಟ್ ಸೆಲ್ ಇರುತ್ತೆ ಅಂತ ನಮ್ಮ ಕಡೆಯವರು ಅಂದ್ಕೊಂಡು ಬರ್ತಾರೆ. ಇಲ್ಲಿ ಹಾಗಿಲ್ಲ, ಹುಡುಕೋದು ನಾವೇ.

ಹುಡುಕಿದ ಮೇಲೆ ಕನ್ವೆನ್ಷನ್ ಅಂತ ಒಂದು ಕಾಗದ. ನಾನು, ಯೂನಿವರ್ಸಿಟಿ, ಕಂಪನಿ ಮೂರೂ ಕಡೆ ಸಹಿ ಆಗ್ಬೇಕು, ಅದಿಲ್ದೆ ಒಂದು ದಿನಾನೂ ಒಳಗೆ ಕೂರಿಸ್ಕೊಳ್ಳಲ್ಲ. ಓದು ಮುಗಿಸಿರೋರಿಗೆ, ಗ್ಯಾಪಲ್ಲಿ ಇರೋರಿಗೆ ಸ್ತಾಜ್ ಸಿಗೋದು ಕಷ್ಟ ಅನ್ನೋದು ಇದಕ್ಕೇ, ಸಹಿ ಹಾಕೋಕೆ ಯೂನಿವರ್ಸಿಟಿನೇ ಇರಲ್ವಲ್ಲ. ಒಂದೇ ಜಾಗದಲ್ಲಿ ವರ್ಷಕ್ಕೆ 6 ತಿಂಗಳು ಮಾತ್ರ. 2 ತಿಂಗಳು ದಾಟಿದ್ರೆ ದುಡ್ಡು ಕೊಡಲೇಬೇಕು ಅಂತ ಕಾನೂನು. 2025ರಲ್ಲಿ ಕನಿಷ್ಠ ಗಂಟೆಗೆ 4.35 ಯೂರೋ, ದಿನಕ್ಕೆ 7 ಗಂಟೆ ಲೆಕ್ಕ ಹಾಕಿದ್ರೆ ತಿಂಗಳಿಗೆ ಸುಮಾರು 670. ಪ್ಯಾರಿಸ್ಸಲ್ಲಿ ಅದು ರೂಮ್ ಬಾಡಿಗೆಗೇ ಹೋಗುತ್ತೆ. ಇಲ್ಲಿ ಸ್ಟೂಡೆಂಟ್ ರೆಸಿಡೆನ್ಸು, ಆಗ 3.30 ಯೂರೋಗೆ ಸಿಗ್ತಿದ್ದ ಯೂನಿವರ್ಸಿಟಿ ಊಟ, ಬಾಡಿಗೆಗೆ ಆಗ ಸಿಗ್ತಿದ್ದ ಸರ್ಕಾರದ ಸಹಾಯ, ಟ್ರಾಮ್ ಪಾಸಿನ ಅರ್ಧ ದುಡ್ಡು ವಾಪಸ್, ಎಲ್ಲಾ ಸೇರಿ ಮನೆಯಿಂದ ತರಿಸ್ಕೊಳ್ದೆ ನಡೀತು.

ಈಗ ಯಾರೂ ಮೊದಲೇ ಹೇಳದ ವಿಷ್ಯ. ನಮ್ಮ ಫೀಲ್ಡಿನ ಎಷ್ಟೋ ಲ್ಯಾಬುಗಳು ಜಡ್‌ಆರ್‌ಆರ್ ಅನ್ನೋ ನಿರ್ಬಂಧಿತ ವಲಯದೊಳಗೆ ಬರ್ತವೆ. ಪ್ರೊಫೆಸರ್ ಹೂಂ ಅಂದ್ರೂ ಆಗಲ್ಲ, ನಮ್ಮ ಪಾಸ್‌ಪೋರ್ಟು, ಸಿವಿ, ಪ್ರಾಜೆಕ್ಟ್ ವಿವರ ಎಲ್ಲಾ ಸರ್ಕಾರದ ಕಡೆ ಹೋಗಿ ಚೆಕ್ ಆಗಿ ಬರ್ಬೇಕು, ಅದಕ್ಕೆ ಸುಮಾರು 2 ತಿಂಗಳು ಹಿಡಿಯುತ್ತೆ, ಫೆಬ್ರವರಿಗೆ ಶುರು ಆಗ್ಬೇಕು ಅಂದ್ರೆ ನವೆಂಬರ್ ಒಳಗೇ ಜಾಗ ಪಕ್ಕಾ ಆಗಿರ್ಬೇಕು, ಅಂದ್ರೆ ಸೆಪ್ಟೆಂಬರ್ ಕೊನೆಗೇ ಮೇಲ್ ಹಾಕೋಕೆ ಕೂರ್ಬೇಕು, ಎಕ್ಸಾಮ್ ಮುಗೀಲಿ ಆಮೇಲೆ ನೋಡೋಣ ಅಂದ್ರೆ ಕಥೆ ಮುಗೀತು. ಬೋರ್ಡಲ್ಲಿ ನೋಟಿಸ್ ಬರೋವರೆಗೂ ಕಾಯ್ಬೇಡಿ. ನನ್ನ ಕ್ಲಾಸಲ್ಲಿ ನನಗಿಂತ ಚೆನ್ನಾಗಿ ಮಾರ್ಕ್ಸ್ ತೆಗೀತಿದ್ದ ಹುಡುಗನಿಗೆ ಕ್ಲಿಯರೆನ್ಸ್ ಬರೋಷ್ಟರಲ್ಲಿ ಏಪ್ರಿಲ್, ಅವನು ಕೊನೆಗೆ ಬೇರೆ ಲ್ಯಾಬಿಗೆ ಹೋದ.

ಮೇಲ್ ವಿಷ್ಯಕ್ಕೆ ಬಂದ್ರೆ, ಸಿವಿ ಒಂದೇ ಪೇಜ್. ಜೊತೆಗೊಂದು ಮೋಟಿವೇಶನ್ ಲೆಟರ್, ಅದನ್ನ ಜಾಗ ಜಾಗಕ್ಕೂ ಹೊಸದಾಗಿ ಬರೀಬೇಕು, ಆ ಗ್ರೂಪಿನ ಒಂದು ಪೇಪರ್ ಓದಿ ಅದರ ಬಗ್ಗೆ ಎರಡು ಸಾಲು ಇದ್ರೆ ಉತ್ತರ ಬರುತ್ತೆ. "ರೆಸ್ಪೆಕ್ಟೆಡ್ ಸರ್" ಹಾಕಿ ಐವತ್ತು ಜನಕ್ಕೆ ಒಂದೇ ಮೇಲ್ ಕಳ್ಸಿದ್ರೆ ಯಾರೂ ತಿರುಗಿ ನೋಡಲ್ಲ. ಮೇಲ್ ಇಂಗ್ಲಿಷಲ್ಲೇ ಹಾಕ್ಬಹುದು, ಲ್ಯಾಬುಗಳಿಗೆ ಪರವಾಗಿಲ್ಲ. ಕಂಪನಿ ಆದ್ರೆ ಫೋನ್ ಮಾಡ್ತಾರೆ, ಅದೂ ಫ್ರೆಂಚಲ್ಲಿ. ಹೊರಡೋ ಮುಂಚೆ ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಕಲಿತದ್ದು ಅಂಗಡಿಗೆ, ಆಫೀಸಿಗೆ ಸಾಕಾಯ್ತು, ಫೋನ್ ಇಂಟರ್‌ವ್ಯೂಗೆ ಸಾಕಾಗ್ಲಿಲ್ಲ. ಒಂದು ಕಂಪನಿ ಎಚ್‌ಆರ್ ಅಂತೂ ನಂದು ಫ್ರೆಂಚ್ ಕೇಳ್ತಿದ್ದಂಗೆ "ಆಮೇಲೆ ಹೇಳ್ತೀವಿ" ಅಂದಿದ್ದು ಇನ್ನೂ ಹೇಳಿಲ್ಲ. ಫ್ರೆಂಚಲ್ಲಿ ಬಿ1, ಅಂದ್ರೆ ಮಧ್ಯಮ ಲೆವೆಲ್, ಮಾಡ್ಕೊಂಡೇ ಬನ್ನಿ, ಇಂಗ್ಲಿಷ್ ಕೋರ್ಸ್ ಅಂತ ಬ್ರೋಷರಲ್ಲಿರೋದು ಕ್ಲಾಸಿಗೆ ಮಾತ್ರ.

ನನಗೆ ಸಿಕ್ಕಿದ್ದು ಇಎಸ್‌ಆರ್‌ಎಫ್. ಹಲವು ದೇಶಗಳು ಸೇರಿ ನಡೆಸೋ ಜಾಗ, ಹಾಗಾಗಿ ಕೆಲಸ ಇಂಗ್ಲಿಷಲ್ಲಿ, ಕ್ಯಾಂಟೀನಲ್ಲಿ ಒಂದೇ ಟೇಬಲಲ್ಲಿ ನಾಲ್ಕು ಭಾಷೆ. ಬೇರೆ ಊರಿನ ಸೈಂಟಿಸ್ಟುಗಳು ಸ್ಯಾಂಪಲ್ ತಗೊಂಡು ಬರ್ತಾರೆ, ಬೀಮ್ ಟೈಮ್, ಅಂದ್ರೆ ಎಕ್ಸ್‌ರೇ ಬಳಸೋಕೆ ಸಿಗೋ ಹೊತ್ತು, 8 ಗಂಟೆಯ ಶಿಫ್ಟ್ ಲೆಕ್ಕ, ರಾತ್ರಿ ಹಗಲು ಅಂತಿಲ್ಲ. ಎಕ್ಸ್‌ರೇ ಬರೋ ರೂಮಿಗೆ ಹಚ್ ಅಂತಾರೆ, ಸೀಸ ತುಂಬಿದ ಗೋಡೆ. ಬೀಮ್ ಬಿಡೋ ಮುಂಚೆ ಒಬ್ರು ಒಳಗೆ ಮೂಲೆ ಮೂಲೆ ಸುತ್ತಿ, ಯಾರೂ ಇಲ್ಲ ಅಂತ ನೋಡ್ಕೊಂಡು, ಗೋಡೇಲಿರೋ ಬಟನ್‌ಗಳನ್ನ ಒತ್ತುತ್ತಾ ಬಂದು ಬಾಗಿಲು ಹಾಕ್ಬೇಕು, ತಡ ಆದ್ರೆ ಮತ್ತೆ ಮೊದಲಿಂದ. ರಾತ್ರಿ ಮೂರಕ್ಕೆ ಸ್ಯಾಂಪಲ್ ಬದಲಾಯಿಸ್ತಾ ಇದನ್ನ ಎಷ್ಟು ಸಲ ಮಾಡಿದ್ದೀನೋ, ಈಗಲೂ ಯಾವುದೇ ರೂಮಿಂದ ಹೊರಗೆ ಬರೋವಾಗ ಒಂದ್ಸಲ ಹಿಂದೆ ತಿರುಗಿ ನೋಡ್ತೀನಿ. ಕ್ಲಾಸಲ್ಲಿ ಬ್ರ್ಯಾಗ್ ಸೂತ್ರ (ಹರಳಿಗೆ ಬಡಿದ ಎಕ್ಸ್‌ರೇ ಯಾವ ಕೋನದಲ್ಲಿ ಹೊರಬರುತ್ತೆ ಅನ್ನೋ ಲೆಕ್ಕ) ಬರೆದಿದ್ದಕ್ಕೂ ಇಲ್ಲಿ ಸ್ಕ್ರೀನ್ ಮೇಲೆ ರಿಂಗು ಮೂಡೋದಕ್ಕೂ ಏನೇನೂ ಸಂಬಂಧ ಇಲ್ಲ ಅನ್ನಿಸಿಬಿಡುತ್ತೆ, ಆಮೇಲೆ ಎರಡೂ ಒಂದೇ ಅಂತ ಗೊತ್ತಾಗುತ್ತೆ.

ಕೆಲಸ ಇಂಗ್ಲಿಷಲ್ಲಿ ಇದ್ರೂ ಕಾಫಿ ಮಾತ್ರ ಫ್ರೆಂಚಲ್ಲಿ. ಬೆಳಿಗ್ಗೆ ಬಂದ ತಕ್ಷಣ ಸಿಕ್ಕವರಿಗೆಲ್ಲ ಬೋಂಜೂರ್ ಅನ್ಬೇಕು, ಸುಮ್ನೆ ಹೋಗಿ ಸೀಟಲ್ಲಿ ಕೂತ್ರೆ ಸೊಕ್ಕು ಅಂದ್ಕೋತಾರೆ. ಮಧ್ಯಾಹ್ನ ಗ್ರೂಪ್ ಪೂರ್ತಿ ಒಟ್ಟಿಗೇ ಊಟಕ್ಕೆ ಏಳುತ್ತೆ. ನಾನು ಡಬ್ಬಿ ಕಟ್ಕೊಂಡ್ ಹೋಗಿ ಸೀಟಲ್ಲೇ ತಿಂದಿದ್ರೆ ಪಿಎಚ್‌ಡಿ ಜಾಗ ಖಾಲಿ ಇರೋ ಸುದ್ದಿ ನನ್ನ ಕಿವಿಗೇ ಬೀಳ್ತಿರ್ಲಿಲ್ಲ. ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ, ಪಾಸ್ತಾ, ಮೊಟ್ಟೆ, ಚೀಸ್ ಇಷ್ಟರಲ್ಲೇ ಸುತ್ತಬೇಕು.

ಕಾಗದ ಪತ್ರದ್ದು ಎರಡು ಮಾತು. ವೀಸಾ ಬಂತು ಅಂತ ಕೂರ್ಬೇಡಿ, ಬಂದ 3 ತಿಂಗಳೊಳಗೆ ಆನ್‌ಲೈನಲ್ಲಿ ವ್ಯಾಲಿಡೇಟ್ ಮಾಡ್ಲೇಬೇಕು. ರೂಮಿಗೆ ಗ್ಯಾರಂಟರ್ ಕೇಳಿದ್ರೆ ವಿಸಾಲ್ ಅಂತ ಸರ್ಕಾರದ್ದೇ ಇದೆ, ಫ್ರೀ. ನನ್ನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗದಲ್ಲಿ ಊರ ಹೆಸರಿದೆ, ಹಾಗಾಗಿ ಇಲ್ಲಿ ಎಲ್ಲಾ ಪತ್ರಾನೂ ನಮ್ಮೂರಿಗೇ ಬರೆದಂಗೆ ಬರೋದು, ಪೋಸ್ಟ್ ಬಾಕ್ಸ್ ಮೇಲೆ ಅದೇ ಹೆಸರು ಅಂಟಿಸ್ಲಿಲ್ಲ ಅಂದ್ರೆ ವಾಪಸ್ ಹೋಗುತ್ತೆ.

ಸ್ತಾಜನ್ನ ಬೇರೆ ದೇಶದಲ್ಲಿ ಮಾಡೋ ಪ್ಲಾನ್ ಇದ್ರೆ, ಜಿನೀವಾ ಮ್ಯಾಪಲ್ಲಿ ಇಲ್ಲೇ ಪಕ್ಕದಲ್ಲಿ ಕಾಣುತ್ತೆ, ವೀಕೆಂಡ್ ಸುತ್ತಾಡೋಕೆ ಫ್ರೆಂಚ್ ರೆಸಿಡೆನ್ಸ್ ಕಾರ್ಡ್ ಸಾಕು, ಆದ್ರೆ ಅಲ್ಲಿ ಇಂಟರ್ನ್ ಆಗೋಕೆ ಸ್ವಿಸ್ ಪರ್ಮಿಟ್ಟೇ ಬೇಕು. ಅದರ ಜೊತೆಗೆ ಇಲ್ಲಿನ ಕಾರ್ಡ್ ಯಾವಾಗ ಮುಗಿಯುತ್ತೆ ಅಂತ ಮೊದಲೇ ನೋಡ್ಕೊಳ್ಳಿ, ರಿನ್ಯೂವಲ್‌ಗೆ 4ರಿಂದ 2 ತಿಂಗಳು ಮುಂಚೆ ಅರ್ಜಿ ಹಾಕ್ಬೇಕು, ಆಗಸ್ಟಲ್ಲಿ ಆಫೀಸುಗಳಲ್ಲಿ ಫೋನ್ ಎತ್ತೋರೂ ಸಿಗಲ್ಲ.