ಉಪ್ಪಿನಕಾಯಿ ಬಾಟ್ಲಿಗೆ ಲೇಬಲ್ ಮಾಡುವುದು ಹೇಗೆ?

ಮಾವಿನ ಮಿಡಿಯ ಗಡಿಬಿಡಿ ಮುಗಿದು ಹಲಸಿನ ಹಪ್ಪಳದ ಕಾಲ ಬಂತೆಂದರೆ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಎಷ್ಟೋ ಮನೆಗಳ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೊದಲು ನೆಂಟರಿಷ್ಟರಿಗೆ ಅಂತ ಮಾಡುತ್ತಿದ್ದದ್ದು ಈಗ ಕುಟುಂಬಶ್ರೀ ಮಹಿಳಾ ಸಂಘಗಳ ಮೇಳ, ಮಂಗಳೂರಿನ ಅಂಗಡಿ, ಬೆಂಗಳೂರಿನ ಫ್ಲ್ಯಾಟು, ಗಲ್ಫಿನ ಅಡುಗೆಮನೆ ತನಕ ಹೋಗುತ್ತದೆ. ರುಚಿಯಲ್ಲಿ ಏನೂ ಕೊರತೆ ಇಲ್ಲ. ಲೇಬಲ್ ನೋಡಿದರೆ ಮಾತ್ರ ಬೇಸರವಾಗುತ್ತದೆ. ಒಂದು ಮಾವಿನ ಚಿತ್ರ, ಹೆಸರು, ಫೋನ್ ನಂಬರ್. ಅಷ್ಟೇ.

ಪರಿಚಯದವರಿಗೆ ಕೊಡುವಾಗ ಅದು ನಡೆಯುತ್ತದೆ. "ಅಕ್ಕ, ಇದಕ್ಕೆ ಬೆಳ್ಳುಳ್ಳಿ ಹಾಕಿದ್ದೀರಾ?" ಅಂತ ಅವರು ನಿಮ್ಮನ್ನೇ ಕೇಳುತ್ತಾರೆ. ದೂರದ ಊರಿನಲ್ಲಿ ಮುಚ್ಚಳ ತೆರೆಯುವವರಿಗೆ ನೀವು ಸಿಗುವುದಿಲ್ಲ. ಅವರು ಕೇಳಬಹುದಾದದ್ದಕ್ಕೆಲ್ಲ ಬಾಟ್ಲಿಯೇ ಉತ್ತರ ಹೇಳಬೇಕು. 2020ರ ಆಹಾರ ಲೇಬಲಿಂಗ್ ನಿಯಮಗಳು ಕೇಳುವುದೂ ಅದನ್ನೇ.

ಮೊದಲು ನೋಂದಣಿ

ನಂಬರ್ ಇಲ್ಲದೆ ಲೇಬಲ್ ಇಲ್ಲ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಗೆ ಫಾಸ್ಕೋಸ್ ಎಂಬ ಅದರ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಕಂಪ್ಯೂಟರ್ ಗೊತ್ತಿಲ್ಲದಿದ್ದರೆ ಸರ್ಕಾರಿ ಅರ್ಜಿಗಳನ್ನು ತುಂಬಿಕೊಡುವ ಹತ್ತಿರದ ಅಕ್ಷಯ ಕೇಂದ್ರಕ್ಕೆ ಫೋಟೋ, ಗುರುತಿನ ಚೀಟಿ ಹಿಡಿದುಕೊಂಡು ಹೋಗಿ. 2011ರ ನಿಯಮ ಸಣ್ಣ ಉತ್ಪಾದಕರಿಗೆ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನ ಮಿತಿ, 100 ರೂಪಾಯಿ ಶುಲ್ಕ ಇಟ್ಟಿತ್ತು. ಇಂಥ ಮಿತಿ, ಶುಲ್ಕ ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ದಿನ ಕೇಳಿಕೊಳ್ಳಿ. ಬಾವಿ ನೀರನ್ನೇ ಬಳಸುವವರು ಅದನ್ನು ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳುವುದು ಒಳ್ಳೆಯದು.

ಗಡಿಯವರು ಕೇಳುವ ಪ್ರಶ್ನೆ ಒಂದಿದೆ: ಮಾಡುವುದು ಪೆರ್ಲದಲ್ಲಿ, ಮಾರುವುದು ಕರ್ನಾಟಕದ ವಿಟ್ಲದಲ್ಲಿ, ನೋಂದಣಿ ಎಲ್ಲಿಯದ್ದು? ಮಾಡುವ ಜಾಗ ಎಲ್ಲಿದೆಯೋ ಅಲ್ಲಿಯದ್ದು. ಅಂದರೆ ಕೇರಳದ್ದು. ಸಿಗುವ ನಂಬರಿನಲ್ಲಿ 14 ಅಂಕಿ ಇರುತ್ತದೆ. ಮೊದಲನೆಯದು 2 ಆದರೆ ನೋಂದಣಿ, 1 ಆದರೆ ಅದಕ್ಕಿಂತ ದೊಡ್ಡ ವಹಿವಾಟಿನವರ ಲೈಸೆನ್ಸ್. ಮುಂದಿನ ಎರಡು ಅಂಕಿ ರಾಜ್ಯದ್ದು: ಕೇರಳಕ್ಕೆ 13, ಕರ್ನಾಟಕಕ್ಕೆ 12. ಬೇರೆಯವರ ನಂಬರನ್ನು ಸುಮ್ನೆ ಹಾಕಿಕೊಳ್ಳುವ ಯೋಚನೆ ಬೇಡ. ಆ ನಂಬರ್ ಯಾರದ್ದೆಂದು ಯಾರು ಬೇಕಾದರೂ ಅದೇ ಜಾಲತಾಣದಲ್ಲಿ ನೋಡಬಹುದು.

ಯಾವ ಭಾಷೆಯಲ್ಲಿ?

ಕಾಸರಗೋಡಿನಲ್ಲಿ ಇದು ಎಲ್ಲರ ಪ್ರಶ್ನೆ. ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು. ಅದರ ಜೊತೆಗೆ ಬೇರೆ ಯಾವ ಭಾಷೆಯನ್ನೂ ಹಾಕಬಹುದು, ಆದರೆ ಅರ್ಥ ಬೇರೆಯಾಗಬಾರದು. ಬರೀ ಕನ್ನಡ ಸಾಲದು, ಬರೀ ಮಲಯಾಳವೂ ಸಾಲದು. ಹಾಗಂತ ಕನ್ನಡವನ್ನು ಬಿಟ್ಟುಬಿಡಬೇಡಿ. ಇಲ್ಲಿ ಕನ್ನಡ ಮಾತ್ರ ಓದಲು ಬರುವ ಅಜ್ಜ ಅಜ್ಜಿಯರಿದ್ದಾರೆ, ಮಲಯಾಳ ಮಾತ್ರ ಓದುವ ನೆರೆಮನೆಯವರೂ ಇದ್ದಾರೆ. ಹೆಸರು, ಸಾಮಗ್ರಿಗಳ ಪಟ್ಟಿ, ಕೊನೆಯ ದಿನಾಂಕ, ಈ ಮೂರನ್ನಾದರೂ ಮೂರು ಭಾಷೆಯಲ್ಲಿ ಕೊಡಿ. ಜಾಗ ಸಾಲದಿದ್ದರೆ ಚಿತ್ರ ಸಣ್ಣದು ಮಾಡಿ. ತೂಕ, ಬೆಲೆಯ ಅಂಕಿಗಳು ಮಾತ್ರ 1, 2, 3 ರೂಪದಲ್ಲೇ ಇರಲಿ.

ಸಾಮಗ್ರಿಗಳ ಪಟ್ಟಿ

ಜಾಸ್ತಿ ತಪ್ಪಾಗುವುದು ಇಲ್ಲೇ. ತೂಕದಲ್ಲಿ ಯಾವುದು ಹೆಚ್ಚೋ ಅದು ಮೊದಲು, ಕಡಿಮೆಯದ್ದು ಕೊನೆಗೆ. ಅಂದಾಜು ಬೇಡ. ಬೆರೆಸುವ ದಿನ ತಕ್ಕಡಿ ಪಕ್ಕದಲ್ಲಿಟ್ಟು ಒಂದೊಂದನ್ನೂ ತೂಗಿ ಬರೆದುಕೊಳ್ಳಿ. ಮಿಡಿ ಉಪ್ಪಿನಕಾಯಿಗೆ ಸಾಮಾನ್ಯವಾಗಿ ಪಟ್ಟಿ ಹೀಗೆ ಬರುತ್ತದೆ: ಮಾವಿನ ಮಿಡಿ, ಉಪ್ಪು, ಮೆಣಸಿನ ಪುಡಿ, ಸಾಸಿವೆ, ಅರಸಿನ, ಇಂಗು. ನೀರು ಸೇರಿಸಿದ್ದರೆ ಅದೂ ಪಟ್ಟಿಯಲ್ಲಿ ಬರಬೇಕು.

ಈಗ ಆ ಇಂಗಿನ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಹಿಂಬದಿ ಓದಿ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಇಂಗು ಶುದ್ಧ ಇಂಗಲ್ಲ. ಅದಕ್ಕೆ ಗೋಂದು, ಅಕ್ಕಿ ಹಿಟ್ಟು ಅಥವಾ ಗೋಧಿ ಹಿಟ್ಟು ಸೇರಿಸಿರುತ್ತಾರೆ. ಗೋಧಿ ಇದ್ದರೆ ನಿಮ್ಮ ಉಪ್ಪಿನಕಾಯಿಯಲ್ಲೂ ಅದರ ಗ್ಲುಟೆನ್ ಎಂಬ ಪ್ರೊಟೀನ್ ಇದೆ ಅಂತಾಯಿತು. ಸೀಲಿಯಾಕ್ ಕಾಯಿಲೆ ಇರುವವರಿಗೆ ಗೋಧಿ ಆಗುವುದೇ ಇಲ್ಲ. ಉಪ್ಪಿನಕಾಯಿಯಲ್ಲಿ ಗೋಧಿ ಇರಬಹುದು ಅಂತ ಯಾರಿಗೆ ತಾನೇ ಹೊಳೆಯುತ್ತದೆ? ಇಂಗಿನಂಥ ಮಿಶ್ರ ಸಾಮಗ್ರಿ ಒಟ್ಟು ತೂಕದ 5 ಶೇಕಡಕ್ಕಿಂತ ಕಡಿಮೆ ಇದ್ದರೆ ಅದರೊಳಗೆ ಏನೇನಿದೆ ಎಂದು ಬಿಡಿಸಿ ಬರೆಯಬೇಕಾಗಿಲ್ಲ, ಆದರೆ ಅಲರ್ಜಿ ತರುವಂಥದ್ದನ್ನು ಮುಚ್ಚಿಡುವಂತಿಲ್ಲ. ಪಟ್ಟಿಯ ಕೆಳಗೆ "ಗೋಧಿ ಇದೆ" ಎಂದು ಬೇರೆಯಾಗಿಯೇ ಬರೆಯಿರಿ. ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿಗಳು, ನೆಲಗಡಲೆ, ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ, ಮಿತಿಗಿಂತ ಹೆಚ್ಚಿನ ಸಲ್ಫೈಟ್ (ಕೆಡದಂತೆ ಹಾಕುವ ರಾಸಾಯನಿಕ): ಇವಿಷ್ಟಕ್ಕೂ ಇದೇ ನಿಯಮ.

ಕೆಡದಂತೆ ಸೋಡಿಯಂ ಬೆಂಜೊಯೇಟ್ ಹಾಕುವವರು ಅದರ ಅಂತಾರಾಷ್ಟ್ರೀಯ ಸಂಖ್ಯೆ ಸೇರಿಸಿ "ಪ್ರಿಸರ್ವೇಟಿವ್ (ಐಎನ್‌ಎಸ್ 211)" ಎಂದು ಬರೆಯಬೇಕು. ಹಾಕಿ ಬರೆಯದೆ ಇರುವುದು ಮೋಸ.

ತೂಕ, ಬೆಲೆ

ಬಾಟ್ಲಿಯ ತೂಕ ಬಿಟ್ಟು ಒಳಗಿನದ್ದು ಮಾತ್ರ ಲೆಕ್ಕ. ಗ್ರಾಂಗೆ ಇಂಗ್ಲಿಷಿನ ಸಣ್ಣ 'ಜಿ' ಅಕ್ಷರ ಒಂದೇ ಸಾಕು, 'ಜಿಎಂಎಸ್' ಬೇಡ. ಗರಿಷ್ಠ ಬೆಲೆ ಎಲ್ಲ ತೆರಿಗೆ ಸೇರಿ ಇರಬೇಕು. ಒಂದು ಕಿಲೋಗಿಂತ ಕಡಿಮೆ ತೂಕದ ಪೊಟ್ಟಣಕ್ಕೆ ಗ್ರಾಂಗೆ ಎಷ್ಟು ಎಂದೂ ಹಾಕಬೇಕು. 500 ಗ್ರಾಂಗೆ 200 ರೂಪಾಯಿ ಆದರೆ ಗ್ರಾಂಗೆ 0.40 ರೂಪಾಯಿ. ಪ್ಯಾಕ್ ಮಾಡಿ ಮಾರುವವರು ತೂಕ ಅಳತೆ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು. ಇದು ಎಫ್‌ಎಸ್‌ಎಸ್‌ಎಐಯಿಂದ ಬೇರೆ. ತುಂಬ ಜನ ಮರೆಯುತ್ತಾರೆ.

ದಿನಾಂಕ ಮತ್ತು ಬ್ಯಾಚ್

ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನ, ಬಳಸಬೇಕಾದ ಕೊನೆಯ ದಿನ ಎರಡೂ ಬೇಕು. "ಇಷ್ಟು ದಿನದೊಳಗೆ ಉತ್ತಮ" ಎನ್ನುವುದು ಬೇಕಿದ್ದರೆ ಹಾಕಬಹುದು, ಆದರೆ ಅದೊಂದೇ ಸಾಲದು.

ದಿನಾಂಕದ ವಿಷಯದಲ್ಲಿ ನಮ್ಮ ಜಿಲ್ಲೆ ಕಹಿ ಪಾಠ ಕಲಿತಿದೆ. 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಶವರ್ಮಾ ತಿಂದು 16 ವರ್ಷದ ಹುಡುಗಿ ತೀರಿಕೊಂಡಳು, ಇನ್ನೂ ಹಲವರು ಆಸ್ಪತ್ರೆ ಸೇರಿದರು. ಮುಂದೆ 2023ರ ಜನವರಿಯಲ್ಲಿ ಕೇರಳ ಸರ್ಕಾರ ಹೋಟೆಲಿನ ಪಾರ್ಸೆಲ್‌ಗೂ ಚೀಟಿ ಕಡ್ಡಾಯ ಮಾಡಿತು. ಎಷ್ಟು ಗಂಟೆಗೆ ತಯಾರಾಯಿತು, ಯಾವಾಗಿನ ಒಳಗೆ ತಿನ್ನಬೇಕು ಎಂದು ಅದರಲ್ಲಿ ಇರಬೇಕು. ಪಾರ್ಸೆಲ್ ಊಟ ಕೊಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೊಳ್ಳುವವರೂ ಚೀಟಿ ಇಲ್ಲದಿದ್ದರೆ ಕೇಳಿ.

ಬ್ಯಾಚ್ ನಂಬರಿಗೆ ದೊಡ್ಡ ಲೆಕ್ಕಾಚಾರ ಬೇಡ. ಒಂದು ಭರಣಿಯಲ್ಲಿ ಒಂದೇ ದಿನ ಬೆರೆಸಿದ್ದು ಒಂದು ಬ್ಯಾಚ್. ಆ ದಿನದ ತಾರೀಕನ್ನೇ ನಂಬರ್ ಮಾಡಿಕೊಂಡರೂ ಆಯಿತು.

ಏನು ಬರೆಯಬಾರದು

"ಶುಗರ್ ಇಳಿಸುತ್ತದೆ", "ಗ್ಯಾಸ್ಟ್ರಿಕ್‌ಗೆ ರಾಮಬಾಣ" ಎಂದು ಪುನರ್ಪುಳಿ ಶರಬತ್ತಿನ ಮೇಲೋ ಹಲಸಿನ ಹಿಟ್ಟಿನ ಮೇಲೋ ಬರೆಯುವುದು ಬೇಡವೇ ಬೇಡ. ಸಕ್ಕರೆ ಕಾಯಿಲೆ ವಾಸಿಮಾಡುವುದಾಗಿ ಜಾಹೀರಾತು ಕೊಡುವುದನ್ನು 1954ರ ಕಾನೂನೇ ತಡೆದಿದೆ. ಆಹಾರದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿ ತನಕ, ತಪ್ಪು ಲೇಬಲ್ಲಿಗೆ 3 ಲಕ್ಷ ರೂಪಾಯಿ ತನಕ ದಂಡ ಇದೆ. ದಂಡದ ಮಾತು ಹಾಗಿರಲಿ, ನಿಮ್ಮ ಬಾಟ್ಲಿ ನಂಬಿ ಯಾರಾದರೂ ಮಾತ್ರೆ ನಿಲ್ಲಿಸಿದರೆ ಏನು ಗತಿ?

"ಮನೆಯಲ್ಲಿ ಮಾಡಿದ್ದು" ಎಂಬ ಮಾತಿಗೂ 2018ರ ನಿಯಮದಲ್ಲಿ ತಡೆ ಇದೆ, ಕೊಳ್ಳುವವರಿಗೆ ತಪ್ಪು ಭಾವನೆ ಬರಬಾರದು ಅಂತ. ಕಾರ್ಖಾನೆಯ ಮಾಲಿಗೆ ಅಜ್ಜಿಯ ಚಿತ್ರ ಅಂಟಿಸುವವರಿಂದಾಗಿ ಈ ನಿಯಮ ಬೇಕಾಯಿತು ಅಂತ ನನ್ನ ಅನಿಸಿಕೆ. ನಿಜವಾಗಿ ಮನೆಯಲ್ಲೇ ಮಾಡುವವರೂ ಆ ಮಾತು ಬಿಟ್ಟು ಊರಿನ ಹೆಸರು, ಪೂರ್ತಿ ವಿಳಾಸ ದಪ್ಪಕ್ಷರದಲ್ಲಿ ಹಾಕಲಿ.

"ಸಾವಯವ" ಎಂದು ಬರೆಯಲು ಪ್ರಮಾಣಪತ್ರ ಬೇಕು. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ನೋವು ಇನ್ನೂ ಇರುವ ಜಿಲ್ಲೆ ಇದು. 2012ರಲ್ಲಿ ಇದನ್ನು ಸಾವಯವ ಜಿಲ್ಲೆ ಎಂದು ಘೋಷಿಸಿದ್ದು ನಿಜ. ಹಾಗಂತ ಇಲ್ಲಿ ಬೆಳೆದದ್ದೆಲ್ಲ ತಾನಾಗಿ ಸಾವಯವ ಆಗುವುದಿಲ್ಲ. ಆ ವಿಷದಿಂದ ತುಂಬ ನೊಂದ ಎಣ್ಮಕಜೆಯ ಹೆಸರು ಹೇಳಿ ಮಾರುವವರಂತೂ ಈ ಪದವನ್ನು ಬಹಳ ಜಾಗ್ರತೆಯಿಂದ ಬಳಸಬೇಕು.

ಅಂಟಿಸುವ ಮೊದಲು

ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚೌಕದೊಳಗೆ ಕಂದು ತ್ರಿಕೋನ. ಮೀನಿನ ಉಪ್ಪಿನಕಾಯಿ, ಚಟ್ಲಿ (ಸಿಗಡಿ) ಚಟ್ನಿ ಮಾಡುವವರು ನೆನಪಿಡಿ. ಪೋಷಕಾಂಶದ ಪಟ್ಟಿ 100 ಗ್ರಾಂ ಲೆಕ್ಕದಲ್ಲಿ ಬರಬೇಕು. ಇದನ್ನು ಪಕ್ಕದ ಅಂಗಡಿಯ ಬಾಟ್ಲಿ ನೋಡಿ ನಕಲು ಮಾಡಬೇಡಿ. ಅವರ ಉಪ್ಪೇ ಬೇರೆ, ನಿಮ್ಮದೇ ಬೇರೆ.

ಒಂದು ಲೇಬಲ್ ಅಂಟಿಸಿ, ಎಣ್ಣೆ ಕೈಯಲ್ಲಿ ಹೆಬ್ಬೆರಳಿನಿಂದ ಉಜ್ಜಿ ನೋಡಿ. ಶಾಯಿ ಕದಡಿದರೆ ಮುದ್ರಣ ಬದಲಾಯಿಸಿ. ಮಿಕ್ಕ ಬಾಟ್ಲಿಗಳು ಅಂಗಡಿಗೆ ಹೊರಡುವ ಮೊದಲು ಪ್ರತಿ ಬ್ಯಾಚಿನ ಒಂದನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಕೊನೆಯ ದಿನಾಂಕ ದಾಟುವ ತನಕ. ಯಾವ ಬ್ಯಾಚು ಯಾವ ಅಂಗಡಿಗೆ, ಎಷ್ಟು ಬಾಟ್ಲಿ ಹೋಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ದೂರು ಬಂದರೆ ಆ ಪುಸ್ತಕ ನೋಡಿ ಅಷ್ಟೇ ಬಾಟ್ಲಿಗಳನ್ನು ವಾಪಸು ತರಿಸಬಹುದು.