ಕಾಲು ನೋವಿಗೆ ಯಾವ ತಜ್ಞರನ್ನು ಕಾಣಬೇಕು?

ವಿಜಯಪುರ, ಬಾಗಲಕೋಟೆಯ ಯಾವುದೇ ದೊಡ್ಡ ದವಾಖಾನೆಯಲ್ಲಿ ಕೇಸ್ ಪೇಪರ್ ಮಾಡಿಸುವ ಕಿಟಕಿಯ ಮುಂದೆ ನಿಂತು ‘ಕಾಲು ನೋವು’ ಎಂದರೆ ಸಾಮಾನ್ಯವಾಗಿ ಎಲುಬು ಮತ್ತು ಕೀಲು ವಿಭಾಗದ ಚೀಟಿಯೇ ಕೈಗೆ ಬರುತ್ತದೆ. ಅನೇಕರಿಗೆ ಅದು ಸರಿಯಾದ ಚೀಟಿಯೂ ಹೌದು. ಆದರೆ ಸೊಂಟದಲ್ಲಿ ಒತ್ತಿ ಹಿಡಿದ ನರ, ಬೀಡಿಯಿಂದ ಕಿರಿದಾದ ರಕ್ತನಾಳ, ವರ್ಷಗಳಿಂದ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ವಿಟಮಿನ್ ಬಿ12ರ ಕೊರತೆ ಇವೆಲ್ಲವೂ ಕಾಲಿನ ನೋವಾಗಿಯೇ ಕಾಣಿಸಿಕೊಳ್ಳುತ್ತವೆ. ಪಾದಕ್ಕೆಂದೇ ಮೀಸಲಾದ ಪೊಡಿಯಾಟ್ರಿಸ್ಟ್ ಎಂಬ ವೃತ್ತಿ ಕೆಲವು ದೇಶಗಳಲ್ಲಿದೆ, ನಮ್ಮಲ್ಲಿ ಅದಿನ್ನೂ ಬೇರೂರಿಲ್ಲ. ಹೀಗಾಗಿ ಆ ಕೆಲಸ ಐದಾರು ವಿಭಾಗಗಳಲ್ಲಿ ಹಂಚಿಹೋಗಿದೆ. ಸರಿಯಾದ ಬಾಗಿಲನ್ನು ಬೇಗ ತಟ್ಟಬೇಕಾದರೆ ನೋವು ಎಲ್ಲಿದೆ ಎಂಬುದರ ಜೊತೆಗೆ ಅದು ಯಾವಾಗ ಬರುತ್ತದೆ, ಏನು ಮಾಡಿದರೆ ಇಳಿಯುತ್ತದೆ ಎಂಬುದನ್ನು ರೋಗಿಯೇ ಗಮನಿಸಿಟ್ಟುಕೊಂಡಿರಬೇಕು.

ಮೊದಲು ತುರ್ತನ್ನು ಬೇರೆ ಮಾಡಿ

ಕೆಲವು ಲಕ್ಷಣಗಳು ಕಂಡಾಗ ತಜ್ಞರನ್ನು ಹುಡುಕುತ್ತ ಕೂಡಬಾರದು. 108ಕ್ಕೆ ಕರೆ ಮಾಡಿ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ತಡೆಯಲಾಗದ ನೋವಿನೊಂದಿಗೆ ಜೋಮು ಹಿಡಿದರೆ ರಕ್ತದ ಪೂರೈಕೆ ನಿಂತಿರುವ ಸಂಭವವಿದೆ. ಸುಮಾರು ಆರು ಗಂಟೆಗಳೊಳಗೆ ಹರಿವು ಮರಳದಿದ್ದರೆ ಕಾಲನ್ನು ಉಳಿಸುವುದು ಕಷ್ಟವಾಗುತ್ತ ಹೋಗುತ್ತದೆ. ಒಂದೇ ಕಾಲಿನ ಮೀನಖಂಡ ಬಾತು, ಬಿಸಿಯಾಗಿ ನೋಯುತ್ತಿದ್ದರೆ, ಅದರಲ್ಲೂ ಇತ್ತೀಚೆಗೆ ಶಸ್ತ್ರಚಿಕಿತ್ಸೆ, ಹೆರಿಗೆ ಅಥವಾ ದೀರ್ಘ ಪ್ರಯಾಣ ಆಗಿದ್ದರೆ, ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂಥ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬಾರದು. ಅದರೊಂದಿಗೆ ಏದುಸಿರು ಅಥವಾ ಎದೆನೋವು ಬಂದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರುವ ಅಪಾಯವಿದೆ. ಬೆನ್ನುನೋವಿನ ಜೊತೆಗೆ ಎರಡೂ ಕಾಲು ಸೋತು, ಕೂಡುವ ಜಾಗದಲ್ಲಿ ಸ್ಪರ್ಶ ತಿಳಿಯದೆ, ಮೂತ್ರ ಕಟ್ಟಿದರೆ ಅದೇ ದಿನ ದೊಡ್ಡ ಆಸ್ಪತ್ರೆ ಸೇರಬೇಕು. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಕೀವು, ದುರ್ವಾಸನೆ ಅಥವಾ ಕಪ್ಪಾದ ಬೆರಳು ಕಂಡರೂ ಹಾಗೆಯೇ.

ಬಿದ್ದು ಕಾಲು ಉಳುಕಿದಾಗ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಅಥವಾ ಹರಡಿನ, ಅಂದರೆ ಕಾಲು ಪಾದಕ್ಕೆ ಸೇರುವ ಕೀಲಿನ, ಯಾವುದಾದರೂ ಒಂದು ಬದಿಯ ಉಬ್ಬು ಎಲುಬಿನ ಹಿಂದಂಚನ್ನು ಒತ್ತಿದರೆ ನೋಯುತ್ತಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ಪೆಟ್ಟಾದ ಕಾಲನ್ನು ಮೊದಲು ಎಲುಬು ಕಟ್ಟುವ ನಾಟಿ ವೈದ್ಯರ ಬಳಿಗೆ ಒಯ್ಯುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಹಾಗೆ ಕಟ್ಟಿಸಿಕೊಂಡವರು ಒಂದನ್ನು ಮರೆಯಬಾರದು: ಕಟ್ಟಿನ ಕೆಳಗೆ ಬೆರಳುಗಳು ತಣ್ಣಗಾದರೆ, ನೀಲಿಗಟ್ಟಿದರೆ, ಬೆರಳನ್ನು ಬೇರೆಯವರು ಮೇಲಕ್ಕೆತ್ತಿದಾಗ ಜೀವ ಹೋಗುವಷ್ಟು ನೋವಾದರೆ, ಬೆಳಗಾಗಲಿ ಎಂದು ಕಾಯದೆ ಕಟ್ಟನ್ನು ಬಿಚ್ಚಿಸಿ ಆಸ್ಪತ್ರೆಗೆ ಧಾವಿಸಬೇಕು.

ಹಿಮ್ಮಡಿ, ಹರಡು, ಪಾದದ ಎಲುಬು

ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಚುಚ್ಚಿದಂತಾಗಿ, ನಾಲ್ಕಾರು ಹೆಜ್ಜೆ ನಡೆದ ಮೇಲೆ ಸಡಿಲವಾಗುವ ನೋವು ಹೆಚ್ಚಾಗಿ ಅಂಗಾಲಿನ ಗಟ್ಟಿ ಪಟ್ಟಿಯದು, ಅಂದರೆ ಪ್ಲಾಂಟರ್ ಫೇಶಿಯೈಟಿಸ್. ಇದಕ್ಕೆ ಎಲುಬು ಮತ್ತು ಕೀಲು ತಜ್ಞರೇ ಸರಿ. ಎಕ್ಸ್‌ರೇಯಲ್ಲಿ ‘ಎಲುಬು ಬೆಳೆದಿದೆ’ ಎಂದು ಬರೆದಿದ್ದನ್ನು ನೋಡಿ ಅನೇಕರು ಹೆದರುತ್ತಾರೆ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲಿಯೂ ಅಂಥ ಮುಳ್ಳು ಇರುತ್ತದೆ, ಅದನ್ನು ಕತ್ತರಿಸಬೇಕಾದ ಪ್ರಸಂಗ ತೀರ ವಿರಳ. ಮೀನಖಂಡ ಮತ್ತು ಅಂಗಾಲನ್ನು ಎಳೆದು ಹಿಗ್ಗಿಸುವ ವ್ಯಾಯಾಮ, ಮೆತ್ತನೆಯ ಪಾದರಕ್ಷೆ, ತಾಳ್ಮೆ ಇವುಗಳಿಂದ ಬಹುಪಾಲು ಜನ ಒಂದು ವರ್ಷದೊಳಗೆ ಗುಣವಾಗುತ್ತಾರೆ. ಆದ್ದರಿಂದ ತಜ್ಞರ ಒಂದು ಭೇಟಿಯ ನಂತರ ನಿಜವಾದ ಕೆಲಸ ಫಿಸಿಯೊಥೆರಪಿಸ್ಟ್ ಅವರ ಬಳಿ ನಡೆಯುತ್ತದೆ. ಅವರು ಫಿಸಿಯೊಥೆರಪಿಯ ಪದವಿಗಳಾದ ಬಿ.ಪಿ.ಟಿ. ಅಥವಾ ಎಂ.ಪಿ.ಟಿ. ಓದಿದವರೇ ಎಂದು ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚ ಬೇಡ.

ಯುಗಾದಿಗೆ ಮುನ್ನ ಶ್ರೀಶೈಲ ಮಲ್ಲಯ್ಯನ ಪಾದಯಾತ್ರೆಗೆ ಹೋಗಿ ಬಂದವರಲ್ಲಿ ಪಾದದ ಮೇಲ್ಭಾಗದ ಒಂದೇ ಬಿಂದುವಿನಲ್ಲಿ ನೋವು ಉಳಿದರೆ ಅದು ಬರೀ ದಣಿವೆಂದು ಬಿಡಬಾರದು. ರೂಢಿಯಿಲ್ಲದ ದೀರ್ಘ ನಡಿಗೆಯಿಂದ ಪಾದದ ಉದ್ದೆಲುಬುಗಳಲ್ಲಿ ಕೂದಲೆಳೆಯ ಬಿರುಕು ಮೂಡಿರಬಹುದು. ಮೊದಲ ಎರಡು-ಮೂರು ವಾರ ಅದು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ‘ಎಕ್ಸ್‌ರೇ ಸರಿ ಇದೆ’ ಎಂದ ಮೇಲೂ ನೋವು ಹೋಗದಿದ್ದರೆ ಮತ್ತೆ ತೋರಿಸಬೇಕು. ಹಿಮ್ಮಡಿಯ ಹಿಂದೆ ಯಾರೋ ಒದ್ದಂತಾಗಿ, ತುದಿಗಾಲಿನ ಮೇಲೆ ನಿಲ್ಲಲಾಗದಿದ್ದರೆ ಅಲ್ಲಿನ ಸ್ನಾಯುರಜ್ಜು ಹರಿದಿರುವ ಸಾಧ್ಯತೆ ಇರುವುದರಿಂದ ತಡಮಾಡದೆ ಎಲುಬು ತಜ್ಞರನ್ನೇ ಕಾಣಬೇಕು.

ನಡೆದರೆ ಬರುವ ನೋವು: ರಕ್ತನಾಳವೋ, ಬೆನ್ನೋ?

ಅತಿ ಹೆಚ್ಚು ಗೊಂದಲವಾಗುವುದು ಇಲ್ಲಿ. ಒಬ್ಬರು ಹೊಲದ ಬದುವಿನ ಮೇಲೆ ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಂಡಿದಂತಾಗುತ್ತದೆ, ನಿಂತಲ್ಲೇ ಎರಡು-ಮೂರು ನಿಮಿಷ ನಿಂತರೆ ಹೋಗುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮರಳಿ ಬರುತ್ತದೆ. ಇದು ರಕ್ತ ಸಾಲದೆ ಸ್ನಾಯು ಕೂಗುವ ನೋವು. ಇನ್ನೊಬ್ಬರಿಗೂ ನಡೆದಾಗಲೇ ಕಾಲು ಭಾರವಾಗುತ್ತದೆ, ಆದರೆ ಸುಮ್ಮನೆ ನಿಂತರೆ ಹೋಗುವುದಿಲ್ಲ. ಕಟ್ಟೆಯ ಮೇಲೆ ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಮಾತ್ರ ಹಗುರವಾಗುತ್ತದೆ, ಸೈಕಲ್ ತುಳಿದರೆ ತೊಂದರೆಯೇ ಇಲ್ಲ. ಇದು ಬೆನ್ನುಮೂಳೆಯ ಕಾಲುವೆ ಕಿರಿದಾಗಿ ನರಗಳು ಒತ್ತಲ್ಪಟ್ಟ ನೋವು. ಮೊದಲನೆಯವರು ರಕ್ತನಾಳ ಶಸ್ತ್ರಚಿಕಿತ್ಸಕರನ್ನು, ಎರಡನೆಯವರು ಬೆನ್ನುಮೂಳೆಯಲ್ಲಿ ಪರಿಣತಿ ಇರುವ ಎಲುಬು ತಜ್ಞರನ್ನು ಅಥವಾ ನರಶಸ್ತ್ರಚಿಕಿತ್ಸಕರನ್ನು ಕಾಣಬೇಕು. ಸೊಂಟದಿಂದ ಹೊರಟು ಮೊಣಕಾಲಿನ ಕೆಳಗಿನವರೆಗೆ ಗೆರೆ ಎಳೆದಂತೆ ಇಳಿದು, ಕೆಮ್ಮಿದರೆ ಹೆಚ್ಚಾಗುವ ಸಯಾಟಿಕಾ ನೋವೂ ಬೆನ್ನಿನ ತಜ್ಞರದೇ.

ರಕ್ತನಾಳದ ಸಂಶಯವನ್ನು ಯಾವ ವೈದ್ಯರೂ ಅರ್ಧ ನಿಮಿಷದಲ್ಲಿ ಪರೀಕ್ಷಿಸಬಹುದು. ಚಪ್ಪಲಿ ಬಿಚ್ಚಿಸಿ, ಪಾದದ ಮೇಲೆ ಹೆಬ್ಬೆರಳ ಸ್ನಾಯುರಜ್ಜಿನ ಪಕ್ಕಕ್ಕೆ ಎರಡು ಬೆರಳಿಟ್ಟು, ಆಮೇಲೆ ಒಳಹರಡಿನ ಹಿಂದೆ ಬೆರಳಿಟ್ಟು ನಾಡಿ ಹುಡುಕುತ್ತಾರೆ. ಸಿಗದಿದ್ದರೆ ಹರಡಿನ ರಕ್ತದೊತ್ತಡವನ್ನು ತೋಳಿನ ಒತ್ತಡದೊಂದಿಗೆ ಹೋಲಿಸುತ್ತಾರೆ. ಆ ಅನುಪಾತ 0.9ಕ್ಕಿಂತ ಕಡಿಮೆಯಿದ್ದರೆ ನಾಳ ಕಿರಿದಾಗಿದೆ ಎಂದರ್ಥ. ಸಕ್ಕರೆ ಕಾಯಿಲೆಯವರಲ್ಲಿ ನಾಳಗಳೇ ಗಡುಸಾಗಿ ಅದು 1.4ನ್ನೂ ಮೀರಿ ದಾರಿ ತಪ್ಪಿಸಬಹುದಾದ್ದರಿಂದ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಬೇಕಾಗುತ್ತದೆ. ಬೀಡಿ, ಸಿಗರೇಟು ಸೇದುವ ಯುವಕರಲ್ಲಿ ಬೆರಳು ಕಪ್ಪಾಗುವ ಬರ್ಗರ್ ರೋಗಕ್ಕೆ ತಂಬಾಕನ್ನು ಪೂರ್ತಿ ಬಿಡುವುದೇ ಮುಖ್ಯ ಚಿಕಿತ್ಸೆ. ದಿನಕ್ಕೊಂದು ಬೀಡಿ ಎಂಬ ರಿಯಾಯಿತಿಯೂ ಅಲ್ಲಿಲ್ಲ.

ಬನಹಟ್ಟಿ, ಗುಳೇದಗುಡ್ಡದ ಕಡೆ ವಿದ್ಯುತ್ ಮಗ್ಗದ ಮುಂದೆ ದಿನವಿಡೀ ನಿಲ್ಲುವವರಲ್ಲಿ ಸಂಜೆಯ ಹೊತ್ತಿಗೆ ಕಾಲು ಭಾರವಾಗಿ, ಹಸಿರು ನರಗಳು ಗಂಟು ಕಟ್ಟಿ ಕಾಣುವುದುಂಟು. ನಾವು ನರ ಎಂದರೂ ಅವು ರಕ್ತನಾಳಗಳು. ಆದ್ದರಿಂದ ಈ ವೆರಿಕೋಸ್ ವೇನ್ಸ್‌ಗೂ ರಕ್ತನಾಳ ಅಥವಾ ಸಾಮಾನ್ಯ ಶಸ್ತ್ರಚಿಕಿತ್ಸಕರೇ ಬೇಕು, ನರರೋಗ ತಜ್ಞರಲ್ಲ.

ಕೀಲು ಬಾತಾಗ

ರಾತ್ರೋರಾತ್ರಿ ಹೆಬ್ಬೆರಳ ಬುಡ ಕೆಂಪಾಗಿ ಬಾತು, ಹೊದಿಕೆ ತಾಕಿದರೂ ತಡೆಯಲಾಗದಂತಾದರೆ ಅದು ಕೀಲಿನಲ್ಲಿ ಯೂರಿಕ್ ಆಮ್ಲ ಹರಳುಗಟ್ಟುವ ಗೌಟ್ ಇರಬಹುದು. ನೋವು ಜೋರಾಗಿರುವಾಗ ರಕ್ತದ ಯೂರಿಕ್ ಆಮ್ಲ ಸಹಜ ಮಟ್ಟದಲ್ಲಿಯೇ ಕಾಣಿಸಬಹುದಾದ್ದರಿಂದ ಒಂದು ವರದಿಯಿಂದ ಅದನ್ನು ತಳ್ಳಿಹಾಕಬಾರದು. ಎರಡೂ ಪಾದಗಳ ಸಣ್ಣ ಕೀಲುಗಳು ಬೆಳಿಗ್ಗೆ ಗಂಟೆಗೂ ಹೆಚ್ಚು ಹೊತ್ತು ಬಿಗಿದುಕೊಂಡು, ವಾರಗಳ ಕಾಲ ಬಾತಿದ್ದರೆ ಕೀಲುವಾತದ ತಜ್ಞರಾದ ರುಮಟಾಲಜಿಸ್ಟ್ ಅವರನ್ನು ಬೇಗ ಕಾಣಬೇಕು. ನೋವಿನ ಗುಳಿಗೆಯಿಂದ ಕಾಲ ತಳ್ಳಿದರೆ ಕೀಲು ಸವೆದು ಹೋಗುತ್ತದೆ. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಅಂಥ ಊರಿನವರು ಕಾಲು, ಬೆನ್ನು ಬಿಗಿಯುವ ತೊಂದರೆ ಇದ್ದರೆ ಯಾವ ನೀರು ಕುಡಿಯುತ್ತೇವೆ ಎಂಬುದನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು.

ಉರಿ, ಜೋಮು ಮತ್ತು ಸಕ್ಕರೆ ಕಾಯಿಲೆ

ರಾತ್ರಿ ಮಲಗಿದಾಗ ಎರಡೂ ಅಂಗಾಲು ಉರಿಯುವುದು, ಇರುವೆ ಹರಿದಂತಾಗುವುದು, ಹತ್ತಿಯ ಮೇಲೆ ನಡೆದಂತೆನಿಸುವುದು ನರಗಳ ದೂರು. ಇದಕ್ಕೆ ಮೊದಲು ಸಾಮಾನ್ಯ ವೈದ್ಯಶಾಸ್ತ್ರದ ತಜ್ಞರು, ಅಂದರೆ ಫಿಸಿಶಿಯನ್ ಬೇಕು. ಅವರು ಸಕ್ಕರೆ, ಥೈರಾಯ್ಡ್, ಬಿ12 ನೋಡಿಸಿ, ಅಗತ್ಯವಿದ್ದರೆ ನರರೋಗ ತಜ್ಞರಿಗೆ ಕಳುಹಿಸುತ್ತಾರೆ. ಶುದ್ಧ ಸಸ್ಯಾಹಾರಿಗಳಾಗಿದ್ದು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಗುಳಿಗೆ ತೆಗೆದುಕೊಂಡವರಲ್ಲಿ ಬಿ12 ಕೊರತೆ ಸಾಮಾನ್ಯ. ತಿಳಿಬಣ್ಣದ, ಸ್ಪರ್ಶವೇ ತಿಳಿಯದ ಮಚ್ಚೆ ಇದ್ದರೆ ಚರ್ಮರೋಗ ತಜ್ಞರಿಗೆ ತೋರಿಸಬೇಕು. ಅದು ಕುಷ್ಠವಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಗುಣಪಡಿಸುವ ಔಷಧ ಉಚಿತವಾಗಿ ಸಿಗುತ್ತದೆ. ಆಣಿ, ಬೆರಳ ಸಂದಿಯ ಶಿಲೀಂಧ್ರ ಸೋಂಕು, ಒಡೆದ ಹಿಮ್ಮಡಿಗೂ ಅವರೇ.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಪೆಟ್ಟಾದರೂ ನೋವು ತಿಳಿಯದಿರುವುದೇ ಹೆಚ್ಚು ಅಪಾಯದ ಸೂಚನೆ. ವರ್ಷಕ್ಕೊಮ್ಮೆಯಾದರೂ ಅವರ ಪಾದವನ್ನು ವೈದ್ಯರು ಪರೀಕ್ಷಿಸಬೇಕು. ಕಣ್ಣು ಮುಚ್ಚಿಸಿ, ಅಂಗಾಲಿನ ಬೇರೆ ಬೇರೆ ಜಾಗಗಳಿಗೆ ಒಂದು ನೈಲಾನ್ ಎಳೆಯನ್ನು ಅದು ಬಾಗುವವರೆಗೆ ಒತ್ತಿ ‘ತಾಕಿತೇ?’ ಎಂದು ಕೇಳುತ್ತಾರೆ. ಆ ಎಳೆ 10 ಗ್ರಾಂ ಒತ್ತಡಕ್ಕೆ ಬಾಗುವಂಥದು. ಅದು ತಿಳಿಯದವರಿಗೆ ಅಥಣಿಯ ಚರ್ಮದ ಚಪ್ಪಲಿಯೂ, ಬರಿಗಾಲ ಹರಕೆಯೂ ತಕ್ಕದ್ದಲ್ಲ. ಚಪ್ಪಲಿಯಲ್ಲಿ ಹೆಬ್ಬೆರಳು ತೂರಿಸುವ ಉಂಗುಷ್ಠ ತಿಕ್ಕಿದ ಗಾಯ ಗೊತ್ತೇ ಆಗದೆ ಹುಣ್ಣಾಗುತ್ತದೆ. ಮೆತ್ತನೆಯ ಒಳಪದರದ, ಹಿಂದೆ ಪಟ್ಟಿಯಿರುವ ಎಂ.ಸಿ.ಆರ್. (ಸೂಕ್ಷ್ಮ ರಂಧ್ರಗಳ ಮೆತ್ತನೆಯ ರಬ್ಬರಿನ) ಪಾದರಕ್ಷೆ ಅವರಿಗೆ ಬೇಕು. ಗಾಯವಿಲ್ಲದೆಯೂ ಒಂದು ಪಾದ ಬಿಸಿಯಾಗಿ, ಕೆಂಪಾಗಿ ಬಾತರೆ ಅದನ್ನು ಉಳುಕೆಂದು ಬಗೆದು ಓಡಾಡಬಾರದು. ಶಾರ್ಕೋ ಪಾದ ಎಂಬ ಈ ಸ್ಥಿತಿಯಲ್ಲಿ ಭಾರ ಹಾಕಿದಷ್ಟೂ ಎಲುಬುಗಳು ಕುಸಿದು ಪಾದದ ಆಕಾರವೇ ಕೆಡುತ್ತದೆ. ಇಂಥವರು ಮಧುಮೇಹ ಪಾದದ ಚಿಕಿತ್ಸೆ ಇರುವ ಕಡೆ, ಫಿಸಿಶಿಯನ್ ಮತ್ತು ಶಸ್ತ್ರಚಿಕಿತ್ಸಕರು ಒಟ್ಟಿಗೆ ನೋಡುವ ಆಸ್ಪತ್ರೆಗೆ ಹೋಗುವುದು ಲೇಸು.

ಚೀಟಿ ಎಲ್ಲಿ ಮಾಡಿಸಬೇಕು?

ಇಷ್ಟಾದರೂ ಯಾವ ಗುಂಪಿಗೂ ಹೊಂದದ ನೋವಿಗೆ ಫಿಸಿಶಿಯನ್ ಅಥವಾ ನಿಮ್ಮ ಮನೆತನದ ವೈದ್ಯರೇ ಮೊದಲ ಮೆಟ್ಟಿಲು. ಮಿರಜ, ಸೊಲ್ಲಾಪುರದ ಬಸ್ಸು ಹತ್ತುವ ಮುನ್ನ ಹತ್ತಿರದಲ್ಲಿ ಏನಿದೆ ಎಂದು ನೋಡಿ. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆಯ ಜೊತೆಗೆ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಮತ್ತು ಅಲ್-ಅಮೀನ್ ಕಾಲೇಜಿನ ಆಸ್ಪತ್ರೆಗಳಿವೆ. ಬಾಗಲಕೋಟೆಯಲ್ಲಿ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ, ಬೆಳಗಾವಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ಬಿಮ್ಸ್‌ನ ಆಸ್ಪತ್ರೆ ಮತ್ತು ಕೆಎಲ್‌ಇಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ ಇವೆ. ರಕ್ತನಾಳ ಮತ್ತು ರುಮಟಾಲಜಿ ತಜ್ಞರು ಎಲ್ಲ ಕಡೆ ದಿನವೂ ಸಿಗುವುದಿಲ್ಲ, ಆದ್ದರಿಂದ ಅವರು ಕೂಡುವ ದಿನವನ್ನು ಫೋನ್ ಮಾಡಿ ತಿಳಿದುಕೊಂಡೇ ಹೊರಡಬೇಕು.

ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ನೆರವಿದೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ, ಶಸ್ತ್ರಚಿಕಿತ್ಸೆ ಆಗಬಹುದೆಂಬ ಅಂದಾಜಿದ್ದರೆ ಮೊದಲ ಚೀಟಿಯನ್ನು ಅಲ್ಲಿಯೇ ಮಾಡಿಸುವುದು ಜಾಣತನ.

ಹೋಗುವಾಗ ಹಳೆಯ ಎಕ್ಸ್‌ರೇ, ರಕ್ತದ ವರದಿಗಳು, ಈಗ ನುಂಗುತ್ತಿರುವ ಗುಳಿಗೆಗಳ ಚೀಟಿ ಇವನ್ನೆಲ್ಲ ಒಯ್ಯಿರಿ. ಹೊಸ ಚಪ್ಪಲಿ ಬೇಡ, ನಿತ್ಯ ಮೆಟ್ಟುವುದನ್ನೇ ಮೆಟ್ಟಿಕೊಂಡು ಹೋಗಿ, ಏಕೆಂದರೆ ಅಟ್ಟೆ ಯಾವ ಬದಿಗೆ ಸವೆದಿದೆ ಎಂಬುದರಿಂದ ಭಾರ ಎಲ್ಲಿ ಬೀಳುತ್ತದೆ ಎಂದು ವೈದ್ಯರಿಗೆ ತಿಳಿಯುತ್ತದೆ. ವೈದ್ಯರ ಚೀಟಿಯ ಮೇಲೆ ಅವರ ನೋಂದಣಿ ಸಂಖ್ಯೆ ಇರಲೇಬೇಕು, ನೋಡಿಕೊಳ್ಳಿ. ಪಾದವನ್ನು ಮುಟ್ಟಿ ನೋಡದೆ ಸ್ಕ್ಯಾನ್ ಅಥವಾ ಇಂಜೆಕ್ಷನ್ ಬರೆದುಕೊಟ್ಟರೆ ‘ಯಾವುದರ ಸಂಶಯ ಇದೆ ಸರ್?’ ಎಂದು ಕೇಳುವ ಹಕ್ಕು ನಿಮಗಿದೆ. ಆರು ವಾರ ಹೇಳಿದಂತೆ ನಡೆದುಕೊಂಡರೂ ಸ್ವಲ್ಪವೂ ಇಳಿಯದಿದ್ದರೆ, ಅದೇ ವೈದ್ಯರಿಂದಲೇ ಬೇರೆ ವಿಭಾಗಕ್ಕೆ ಪತ್ರ ಬರೆಸಿಕೊಂಡು ಹೋಗಬೇಕು. ಹಾಗೆ ಮಾಡಿದರೆ ಆವರೆಗೆ ನಡೆದ ಪರೀಕ್ಷೆಗಳಿಗೆ ಮತ್ತೊಮ್ಮೆ ದುಡ್ಡು ತೆರುವುದು ತಪ್ಪಬಹುದು.