ಆರು ವೋಲ್ಟಿನ ಯೆಜ್ಡಿಗೆ ಕೊನೆಗೂ ಚಾರ್ಜ್ ಹತ್ತಿತು

ನನ್ನದು 1979ರ ಯೆಜ್ಡಿ ಬೈಕ್, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಬಣ್ಣ ಹೊಡೆಸಿದ ಮೇಲೆ ಎರಡು ವರ್ಷ ರಾತ್ರಿ ಹೊತ್ತು ಅದು ನನ್ನನ್ನು ನೆಟ್ಟಗೆ ಮನೆ ಮುಟ್ಟಿಸಲಿಲ್ಲ. ಹೆಡ್‌ಲೈಟ್ ಹಾಕಿ ಇಪ್ಪತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಬೆಳಕು ಬೀಡಿ ಕೆಂಡದಷ್ಟಾಗುತ್ತಿತ್ತು. ಕಿಡಿಗೂ ಬ್ಯಾಟರಿಯೇ ಆಧಾರ, ಇಂಜಿನ್ನೂ ನಿಂತುಬಿಡುತ್ತಿತ್ತು. "ಹನ್ನೆರಡು ವೋಲ್ಟ್ ಮಾಡಿಸಿಬಿಡಿ ಸಾರ್, ಇದರ ಹಣೆಬರಹವೇ ಇಷ್ಟು" ಅಂತ ಎಲ್ಲ ಮೆಕ್ಯಾನಿಕ್‌ಗಳೂ ಹೇಳಿದರು. ನಾನು ಒಪ್ಪಲಿಲ್ಲ.

ಖರ್ಚು ಮಾತ್ರ ಏರುತ್ತಾ ಹೋಯಿತು. ಮೂರು ಬ್ಯಾಟರಿ, ಒಂದೊಂದೂ ಸಾವಿರದ ಮೇಲೆ. ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಡೈನಮೋದೊಳಗೆ ತಿರುಗುವ ಭಾಗ ಆರ್ಮೇಚರ್, ಅದರ ವೈಂಡಿಂಗ್‌ಗೆ ಎರಡು ಸಾವಿರದ ಹತ್ತಿರ. ಡೈನಮೋ ಕರೆಂಟನ್ನು ಬ್ಯಾಟರಿಗೆ ಜೋಡಿಸಿ ಬಿಡಿಸುವ ಕಟೌಟನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದೆ, ಅದಕ್ಕೆ ಇನ್ನೊಂದೂವರೆ ಸಾವಿರ. ಆರ್ಮೇಚರ್ ತುದಿಯ ತಾಮ್ರದ ಪಟ್ಟಿಗಳ ಸುತ್ತು, ಅಂದರೆ ಕಮ್ಯುಟೇಟರ್, ಅದರ ಗೆರೆಗಳನ್ನು ಹ್ಯಾಕ್ಸಾ ಬ್ಲೇಡ್ ಚೂರಿನಿಂದ ಕೆರೆದು, ನುಣುಪಾದ ಉಜ್ಜುಕಾಗದ (ಜೀರೋ ಪೇಪರ್) ಹಾಕಿ ತಾಮ್ರ ಫಳಫಳ ಅನ್ನಿಸಿದೆ. ಅದಕ್ಕೆ ಒತ್ತಿಕೊಂಡು ಕರೆಂಟ್ ಎತ್ತುವ ಕಾರ್ಬನ್ ಬ್ರಶ್ ಮಾತ್ರ ಬೇರೆ ಗಾಡಿಯದು, ಉಜ್ಜಿ ಕೂರಿಸಿದ್ದೇನೆ. ಯಾವ ಗಾಡಿಯದು ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಮ್ಮೆಲ್ಲರ ದಾರಿ ತಪ್ಪಿಸಿದ್ದು ಚಾರ್ಜ್ ತೋರಿಸುವ ಕೆಂಪು ದೀಪ. ಆಕ್ಸಿಲರೇಟರ್ ಕೊಟ್ಟರೆ ಆರುತ್ತಿತ್ತು, ಹಾಗಾಗಿ ಚಾರ್ಜ್ ಆಗುತ್ತಿದೆ ಅಂದುಕೊಂಡೆವು. ಒಂದು ಭಾನುವಾರ ಇಂಜಿನ್ ಓಡುತ್ತಿರುವಾಗಲೇ ವೋಲ್ಟ್ ಮೀಟರ್ ಹಿಡಿದೆ. ಕಟೌಟಿನಲ್ಲಿ 7.2 ವೋಲ್ಟ್, ಬ್ಯಾಟರಿ ಟರ್ಮಿನಲ್‌ನಲ್ಲಿ 6.2! ನಡುವೆ ಒಂದು ವೋಲ್ಟ್ ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿ ಕಟೌಟಿನ ಬಾಡಿಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ ಇಟ್ಟೆ: 0.6. ಪಾಸಿಟಿವ್ ಕಡೆ ಫ್ಯೂಸ್ ಹೋಲ್ಡರ್‌ನಲ್ಲಿ ಸುಮಾರು 0.4. ಹನ್ನೆರಡು ವೋಲ್ಟಿನ ಗಾಡಿಯಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿತ್ತು, ಆರು ವೋಲ್ಟಿಗೆ ಇದು ಪ್ರಾಣವೇ ಹೋದ ಹಾಗೆ.

ಬ್ಯಾಟರಿ ನೆಗೆಟಿವನ್ನು ಗಾಡಿಯ ಚಾಸಿಗೆ ಸೇರಿಸುವ ಅರ್ತ್ ಬೋಲ್ಟ್ ಬಿಚ್ಚಿದಾಗ ವಾಷರ್ ಅಡಿಯಲ್ಲಿ ಕರೆಂಟ್ ಬಿಡದ ಪೌಡರ್ ಕೋಟಿಂಗ್ ಬಣ್ಣ ಹೊಸದಾಗಿ ಹೊಳೆಯುತ್ತಾ ಕೂತಿತ್ತು. ಬೋಲ್ಟಿನ ಎರಡು ಥ್ರೆಡ್ ಮಾತ್ರ ಕಬ್ಬಿಣಕ್ಕೆ ತಾಗುತ್ತಿದ್ದವು. ಅಷ್ಟಗಲ ಬಣ್ಣ ಕೆರೆದು, ಡೈನಮೋ ಬಾಡಿಯಿಂದ ಕಟೌಟ್ ಬಾಡಿಗೆ, ಅಲ್ಲಿಂದ ಬ್ಯಾಟರಿ ನೆಗೆಟಿವ್‌ಗೆ ನಾಲ್ಕು ಸ್ಕ್ವೇರ್ ಎಂಎಂನ ದಪ್ಪ ವೈರ್ ಎಳೆದು, ತುದಿಗಳಿಗೆ ಬೋಲ್ಟ್ ಹಾಕುವ ಬಳೆ (ಲಗ್) ಬೆಸುಗೆ ಹಾಕಿದೆ. ಫ್ಯೂಸ್ ಹೋಲ್ಡರ್ ಹೊಸದು. ಎಲ್ಲ ಸೇರಿ ನೂರು ರೂಪಾಯಿಯೂ ಆಗಲಿಲ್ಲ. ಈಗ ಬ್ಯಾಟರಿಯಲ್ಲೇ 7.1 ಬರುತ್ತದೆ.

ಜೊತೆಗೆ ಟೇಲ್ ಲೈಟಿಗೆ ಎಲ್‌ಇಡಿ ಹಾಕಿ ನೋಡಿದೆ. ಒಂದೇ ವಾರಕ್ಕೆ ಸುಟ್ಟಿತು, ಹಳೇ ಬಲ್ಬೇ ವಾಪಸ್ ಬಂತು. 45 ವ್ಯಾಟ್ ಡೈನಮೋಗೆ ಹೆಡ್‌ಲೈಟೇ ಮುಕ್ಕಾಲು ಪಾಲು ತಿನ್ನುತ್ತದೆ, ನಿಜ. ಆದರೂ ಹೋದ ತಿಂಗಳು ಹಾಸನದಿಂದ ಸಕಲೇಶಪುರಕ್ಕೆ ರಾತ್ರಿ ಹತ್ತಕ್ಕೆ ಹೊರಟೆ, ಲೈಟ್ ಒಮ್ಮೆಯೂ ಮಂಕಾಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಮೊದಲ ಕಿಕ್ಕಿಗೇ ಸ್ಟಾರ್ಟ್.